ದುಬೈ ಸಂಬಳಕ್ಕೆ ಇಲ್ಲಿ ತೆರಿಗೆಯೇ?

ಮಾನ್ಯ ಸಂಪಾದಕರೇ,

ನನ್ನ ಅಳಿಯ ದುಬೈನಲ್ಲಿ ವೆಲ್ಡರ್. ಪಾಸ್‌ಪೋರ್ಟ್ ಭಾರತದ್ದಾದರೆ ಅಲ್ಲಿನ ಸಂಬಳಕ್ಕೂ ಇಲ್ಲಿ ತೆರಿಗೆ ಕಟ್ಟಬೇಕು ಎಂದು ಯಾರೋ ಹೆದರಿಸಿದ್ದಾರೆ. ಸುಮ್ನೆ ಮಾತು. ಕಾನೂನು ಮುಖ್ಯವಾಗಿ ನೋಡುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಷ್ಟು ದಿನ ಇಲ್ಲಿದ್ದರು ಅನ್ನುವುದನ್ನು. ಹೊರಗೆ ದುಡಿದು ರಜೆಗೆ ಬರುವ ಇಂಥ ಹುಡುಗರು 182 ದಿನಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಅನಿವಾಸಿಗಳು. ಅಲ್ಲಿ ದುಡಿದು ಅಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ.

ಗಂಗಾವತಿಯ ಮನೆ ಬಾಡಿಗೆ, ಅನಿವಾಸಿಗಳು ಇಲ್ಲಿನ ಆದಾಯ ಇಡುವ ಎನ್‌ಆರ್‌ಒ ಬ್ಯಾಂಕ್ ಖಾತೆಯ ಬಡ್ಡಿ ಮಾತ್ರ ಲೆಕ್ಕಕ್ಕೆ ಬರುತ್ತವೆ. ಆ ಬಡ್ಡಿಯಲ್ಲಿ ಬ್ಯಾಂಕು ತೆರಿಗೆಗೆಂದು ಸಾಮಾನ್ಯವಾಗಿ ಶೇ 30ಕ್ಕಿಂತ ಜಾಸ್ತಿಯೇ ಮುರಿದುಕೊಳ್ಳುತ್ತದೆ. ಆದಾಯ ಕಡಿಮೆಯಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಇದನ್ನು ಹೇಳುವವರೇ ಇಲ್ಲ, ಅಲ್ವಾ? ಆದಾಯ ತೆರಿಗೆ ಇಲಾಖೆ ಕನ್ನಡದಲ್ಲಿ ಒಂದು ಪುಟದ ಕರಪತ್ರ ಅಚ್ಚು ಹಾಕಿಸಿ ಬ್ಯಾಂಕುಗಳಲ್ಲಿ ಇಡಲಿ.

– ನಿವೃತ್ತ ಬಸ್ ಕಂಡಕ್ಟರ್, ಗಂಗಾವತಿ, ಕೊಪ್ಪಳ ಜಿಲ್ಲೆ