ಅತ್ತೆ-ಮಾವನನ್ನು ಕೆನಡಾಕ್ಕೆ ಕರೆಸಲು ಅಳಿಯನ ಸಹಿ ಸಾಲದು

ಮಾನ್ಯ ಸಂಪಾದಕರೇ,

ಮಗಳ ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡುವುದಕ್ಕೆ ನಮ್ಮ ಊರುಗಳಿಂದ ಟೊರಾಂಟೊ, ಬ್ರಾಂಪ್ಟನ್, ಮಿಸಿಸಾಗಾ ಕಡೆ ಹೊರಡುವ ಹಿರಿಯರಿಗೆ ಸಾಮಾನ್ಯವಾಗಿ ಕಾಗದ-ಪತ್ರದ ಕೆಲಸ ಮಾಡಿಕೊಡುವವನು ಅಳಿಯ. ಸಂಬಳ ಅವನದು, ಟಿಕೆಟ್ ಅವನದು, ಹಾಗಾಗಿ ಆಹ್ವಾನ ಪತ್ರಕ್ಕೂ ಅವನೇ ಸಹಿ ಹಾಕಿಬಿಡುತ್ತಾನೆ. ತಂದೆ-ತಾಯಿ, ಅಜ್ಜ-ಅಜ್ಜಿಯರು ದೀರ್ಘಕಾಲ ಬಂದಿರಲೆಂದು ಕೆನಡಾ ಕೊಡುವ ಸೂಪರ್ ವೀಸಾದ ಅರ್ಜಿ ಎಡವುವುದು ಇಲ್ಲಿಯೇ. ಆ ವೀಸಾಕ್ಕೆ ಕರೆಯಬೇಕಾದವರು ಅರ್ಜಿದಾರರ ಸ್ವಂತ ಮಗಳು, ಮಗ ಅಥವಾ ಮೊಮ್ಮಕ್ಕಳು. ಹಾಗೆ ಕರೆಯುವವರಿಗೆ 18 ವರ್ಷ ತುಂಬಿರಬೇಕು, ಅವರು ಕೆನಡಾದಲ್ಲಿಯೇ ವಾಸವಿರಬೇಕು, ಅಲ್ಲಿಯ ಪೌರರೋ ಕಾಯಂ ನಿವಾಸಿಗಳೋ ಆಗಿರಬೇಕು. ಅಳಿಯನಿಗಾಗಲಿ ಸೊಸೆಗಾಗಲಿ ಆ ಹಕ್ಕು ಇಲ್ಲ.

ಅಳಿಯನ ಸಂಬಳಕ್ಕೆ ಬೆಲೆಯಿಲ್ಲ ಎಂದು ಇದರ ಅರ್ಥವಲ್ಲ. ಮಗಳು ಕೂಸು ಹೊತ್ತು ಮನೆಯಲ್ಲಿದ್ದು ಅವಳ ಆದಾಯ ಸೊನ್ನೆಯಾಗಿದ್ದರೂ ಪತ್ರ ಅವಳ ಹೆಸರಿನಲ್ಲಿ ಹೊರಡಬೇಕು. ಅದೇ ಪತ್ರಕ್ಕೆ ಗಂಡ ಜೊತೆಸಹಿ ಹಾಕಿದರೆ ಅವನ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಡನ ಅಣ್ಣನ ಆದಾಯವನ್ನಾಗಲಿ ಅದೇ ಊರಿನಲ್ಲಿರುವ ಇನ್ನೊಬ್ಬ ಮಗನದನ್ನಾಗಲಿ ಹೀಗೆ ಸೇರಿಸುವಂತಿಲ್ಲ. ಪತ್ರದಲ್ಲಿ ಮೂರು ವಿಷಯ ಬಿಟ್ಟುಹೋಗಬಾರದು: ತಂದೆ-ತಾಯಿ ಅಲ್ಲಿರುವಷ್ಟು ದಿನವೂ ಖರ್ಚು ನಮ್ಮದು ಎಂಬ ಒಪ್ಪಿಗೆ, ಮನೆಯಲ್ಲಿರುವವರ ಹೆಸರು ಮತ್ತು ಸಂಖ್ಯೆ, ಮಗಳ ಪೌರತ್ವದ ಅಥವಾ ಪಿಆರ್ (ಕಾಯಂ ನಿವಾಸ) ದಾಖಲೆಯ ಪ್ರತಿ.

ಮನೆಯಲ್ಲಿರುವವರ ಎಣಿಕೆಯಲ್ಲಿ ತಪ್ಪುವವರು ಬಹಳ. ಗಂಡ, ಹೆಂಡತಿ, ಎರಡು ಮಕ್ಕಳು ಇರುವ ಮನೆಗೆ ಅತ್ತೆ-ಮಾವ ಇಬ್ಬರನ್ನೂ ಕರೆಸುವುದಾದರೆ ಕುಟುಂಬದ ಗಾತ್ರ ನಾಲ್ಕಲ್ಲ, ಆರು. 2025ರ ಜುಲೈ 29ರಿಂದ ಜಾರಿಗೆ ಬಂದ ಪಟ್ಟಿಯಂತೆ ನಾಲ್ವರಿಗೆ 56,724 ಕೆನಡಾ ಡಾಲರ್ ವಾರ್ಷಿಕ ಆದಾಯ ಸಾಕು, ಆರು ಜನಕ್ಕೆ 72,560 ಬೇಕು. ಮೊದಲೇ ಯಾರನ್ನಾದರೂ ಕಾಯಂ ವಾಸಕ್ಕೆ ಪ್ರಾಯೋಜಿಸಿ ಆ ಹೊಣೆ ಇನ್ನೂ ಮುಗಿದಿಲ್ಲವಾದರೆ ಅವರನ್ನೂ ಎಣಿಸಬೇಕು. ಮೊತ್ತ ವರ್ಷ ವರ್ಷ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ಪಟ್ಟಿಯನ್ನೇ ನೋಡಬೇಕು. ಆದಾಯಕ್ಕೆ ಬರೀ ಬ್ಯಾಂಕ್ ಖಾತೆಯಲ್ಲಿರುವ ಹಣ ತೋರಿಸಿದರೆ ನಡೆಯುವುದಿಲ್ಲ. ಆದಾಯ ಪರಿಶೀಲಿಸಿ ಕೆನಡಾದ ತೆರಿಗೆ ಇಲಾಖೆ ಕಳಿಸುವ ನೋಟಿಸ್ ಆಫ್ ಅಸೆಸ್‌ಮೆಂಟ್, ಕೆಲಸ ಕೊಟ್ಟವರು ವರ್ಷಕ್ಕೊಮ್ಮೆ ಕೊಡುವ ಸಂಬಳದ ಚೀಟಿ ಟಿ4, ಸಂಬಳ ನಮೂದಿಸಿದ ಉದ್ಯೋಗ ಪತ್ರ, ಪೇ ಸ್ಲಿಪ್ ಇರಲಿ.

ಮಗಳು ಇನ್ನೂ ವರ್ಕ್ ಪರ್ಮಿಟ್ ಮೇಲೆ ಇದ್ದರೆ ಸೂಪರ್ ವೀಸಾದ ಮಾತೇ ಇಲ್ಲ. ಆಗ ಉಳಿಯುವುದು ಮಾಮೂಲಿ ವಿಸಿಟರ್ ವೀಸಾ. ಅದಕ್ಕೆ ಅಳಿಯನ ಪತ್ರವೂ ಸಲ್ಲುತ್ತದೆ, ಆದಾಯದ ಮಿತಿಯಿಲ್ಲ, ವಿಮೆ ಕಡ್ಡಾಯವಲ್ಲ, ಆದರೆ ಒಂದು ಸಲ ಹೋದರೆ ಸಾಮಾನ್ಯವಾಗಿ 6 ತಿಂಗಳು ಮಾತ್ರ. ಒಂದು ಬಾಣಂತನಕ್ಕೆ ಅಷ್ಟು ಧಾರಾಳ ಸಾಕು. ಅಷ್ಟಕ್ಕೇ ಸೂಪರ್ ವೀಸಾದ ವಿಮೆಗೆ ದುಡ್ಡು ಸುರಿಯುವುದು ದಂಡ ಎಂಬುದು ನನ್ನ ಅಭಿಪ್ರಾಯ. 2011ರ ಡಿಸೆಂಬರ್‌ನಲ್ಲಿ ಆರಂಭವಾದ ಸೂಪರ್ ವೀಸಾದಲ್ಲಿ ಮೊದಲು ಒಂದು ಪ್ರವೇಶಕ್ಕೆ 2 ವರ್ಷ ಇರಬಹುದಿತ್ತು, 2022ರ ಜುಲೈ 4ರಿಂದ ಅದು 5 ವರ್ಷವಾಗಿದೆ. ಕಾಯಂ ವಾಸಕ್ಕೆ ತಂದೆ-ತಾಯಿಯನ್ನು ಪ್ರಾಯೋಜಿಸುವ ಯೋಜನೆಗೆ ಹೊಸ ಹೆಸರು ಬರೆಸಿಕೊಂಡದ್ದು 2020ರಲ್ಲೇ ಕೊನೆ. ಹಾಗಾಗಿ ದೀರ್ಘಕಾಲ ಜೊತೆಗಿರಬೇಕೆನ್ನುವ ಕುಟುಂಬಗಳು ಈ ವೀಸಾವನ್ನೇ ನೆಚ್ಚಿಕೊಂಡಿವೆ.

ಇನ್ನು ವಿಮೆ. ಕನಿಷ್ಠ 1 ಲಕ್ಷ ಕೆನಡಾ ಡಾಲರ್ ರಕ್ಷಣೆ, ಪ್ರವೇಶದ ದಿನದಿಂದ ಕನಿಷ್ಠ 1 ವರ್ಷ ಚಾಲ್ತಿ. ಚಿಕಿತ್ಸೆ, ಆಸ್ಪತ್ರೆ ವಾಸ, ಸ್ವದೇಶಕ್ಕೆ ಮರಳಿಸುವ ವೆಚ್ಚ ಮೂರೂ ಅದರಲ್ಲಿ ಸೇರಿರಬೇಕು. ಕೊಟೇಶನ್ ಲಗತ್ತಿಸಿದರೆ ಒಪ್ಪುವುದಿಲ್ಲ, ಪೂರ್ತಿ ಕಟ್ಟಿರಬೇಕು ಅಥವಾ ಮುಂಗಡ ಕೊಟ್ಟು ಕಂತು ಮಾಡಿಸಿರಬೇಕು. 2025ರ ಜನವರಿ 28ರಿಂದ ಕೆನಡಾದ ಹೊರಗಿನ ಕಂಪನಿಯ ವಿಮೆಗೂ ಅವಕಾಶವಿದೆ, ಆದರೆ ಆ ಕಂಪನಿಗೆ ಕೆನಡಾದ ಹಣಕಾಸು ಸಂಸ್ಥೆಗಳ ಮೇಲ್ವಿಚಾರಣಾ ಕಚೇರಿಯ ಅನುಮತಿ ಇರಬೇಕು. ಬೆಂಗಳೂರಿನಲ್ಲಿ ಟಿಕೆಟ್ ಜೊತೆ ಮಾಡಿಸುವ ಮಾಮೂಲಿ ಪ್ರವಾಸಿ ವಿಮೆಯನ್ನು ಇದರ ಬದಲಿಗೆ ಇಟ್ಟು ಸುಮ್ಮನಾಗಬೇಡಿ.

ವಿಮೆಯಲ್ಲಿ ನಿಜವಾಗಿ ಕೈಕೊಡುವುದು ಹಳೆಯ ಕಾಯಿಲೆಯ ಷರತ್ತು. ಬಿಪಿ, ಸಕ್ಕರೆ ಕಾಯಿಲೆಗೂ ರಕ್ಷಣೆ ಬೇಕೆಂದರೆ, ಪಾಲಿಸಿ ಶುರುವಾಗುವ ದಿನದಿಂದ ಹಿಂದಕ್ಕೆ ಇಷ್ಟು ದಿನ ಕಾಯಿಲೆ ‘ಸ್ಥಿರ’ವಾಗಿರಬೇಕು ಎಂದು ಪಾಲಿಸಿ ಹೇಳುತ್ತದೆ. ಎಷ್ಟೋ ಪಾಲಿಸಿಗಳಲ್ಲಿ ಅದು 180 ದಿನ. ಬಿಪಿ ಮಾತ್ರೆ 5 ಮಿಲಿಗ್ರಾಂ ಇದ್ದದ್ದು 10 ಆದರೂ ಸ್ಥಿರತೆ ಮುರಿಯಿತು. ಕೆಲವು ಪಾಲಿಸಿಗಳಲ್ಲಿ ಕಡಿಮೆ ಮಾಡಿದರೂ ಅಷ್ಟೇ. ‘ಹೊರಡುವ ಮುಂಚೆ ಒಂದು ಸಲ ತೋರಿಸಿಕೊಂಡು ಬರೋಣ’ ಎಂದು ಕೊನೆಯ ತಿಂಗಳಲ್ಲಿ ಡಾಕ್ಟರ ಬಳಿ ಹೋಗುತ್ತೇವೆ, ಅವರು ಮಾತ್ರೆ ಬದಲಿಸುತ್ತಾರೆ, ಆ ಕಾಯಿಲೆಗೆ ಮುಂದೆ ಬರುವ ಆಸ್ಪತ್ರೆ ಬಿಲ್ಲು ಮಗಳ ತಲೆಗೆ ಬರುತ್ತದೆ. ತಪಾಸಣೆ ಖಂಡಿತ ಬೇಕು, ಆದರೆ ಪ್ರಯಾಣಕ್ಕೆ ಏಳು-ಎಂಟು ತಿಂಗಳು ಇರುವಾಗಲೇ ಮಾಡಿಸಿ. ಆಮೇಲೆ ಔಷಧ ಬದಲಾದರೆ ಮುಚ್ಚಿಡದೆ ವಿಮೆಯವರಿಗೆ ತಿಳಿಸಿ. ವೀಸಾ ನಿರಾಕರಣೆಯಾದರೆ ಪೂರ್ತಿ ಹಣ ವಾಪಸ್ ಬರುತ್ತದೆಯೇ, ಬೇಗ ಊರಿಗೆ ಮರಳಿದರೆ ಉಳಿದ ತಿಂಗಳ ಹಣ ಕೊಡುತ್ತಾರೆಯೇ ಎಂಬುದನ್ನು ಕೊಳ್ಳುವಾಗಲೇ ಲಿಖಿತವಾಗಿ ಕೇಳಿ.

ಕರ್ನಾಟಕದವರನ್ನು ಬಹಳವಾಗಿ ಕಾಡುವುದು ಸಂಬಂಧ ಸಾಬೀತು ಮಾಡುವ ದಾಖಲೆ. ಮಗಳ ಜನನ ಪ್ರಮಾಣಪತ್ರದಲ್ಲಿ ಅರ್ಜಿದಾರರ ಹೆಸರು ತಂದೆ ಅಥವಾ ತಾಯಿ ಎಂದು ಇರಬೇಕು. ಎಪ್ಪತ್ತು-ಎಂಬತ್ತರ ದಶಕದ ದಾಖಲೆಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ಇಲ್ಲವೇ ತಾಯಿಯ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆ ಇರುವುದಿಲ್ಲ. ಜನನ-ಮರಣ ನೋಂದಣಿ ಕಾಯ್ದೆ, 1969ರ 15ನೇ ಕಲಮಿನಡಿ ತಪ್ಪು ತಿದ್ದಿಸಬಹುದು. ನೋಂದಣಿಯೇ ಆಗಿರದಿದ್ದರೆ 13ನೇ ಕಲಮಿನಡಿ ತಡವಾಗಿ ಮಾಡಿಸಬಹುದು. ಇವೆರಡಕ್ಕೂ ಸಮಯ ಹಿಡಿಯುತ್ತದೆ, ಆದ್ದರಿಂದ ಇಲ್ಲಿಂದಲೇ ಶುರು ಮಾಡಿ. ಮಗಳ ಹಳೆಯ ಭಾರತೀಯ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ-ತಾಯಿಯ ಹೆಸರಿರುತ್ತದೆ, ಪೂರಕವಾಗಿ ಅದನ್ನೂ ಇಡಿ. ಜನನ ಪತ್ರದಲ್ಲಿ ‘ಸುಮಾ ಬಿ.ಕೆ.’, ಪಿಆರ್ ಕಾರ್ಡಿನಲ್ಲಿ ‘ಸುಮಾ ಪ್ರಸಾದ್’ ಎಂದಿದ್ದರೆ ನಡುವಿನ ಕೊಂಡಿಯಾಗಿ ವಿವಾಹ ನೋಂದಣಿ ಪತ್ರ ಬೇಕೇ ಬೇಕು. ಅಳಿಯನ ಆದಾಯ ಸೇರಿಸುವುದಕ್ಕೂ ಅದೇ ಆಧಾರ. ಕನ್ನಡದಲ್ಲಿ ಮಾತ್ರ ಇರುವ ಪ್ರತಿಯ ಜೊತೆಗೆ ಇಂಗ್ಲಿಷ್ ಅನುವಾದ, ಅನುವಾದಕರ ಅಫಿಡವಿಟ್ ಇರಬೇಕು. ಮನೆಯವರು ಮಾಡಿದ ಅನುವಾದವನ್ನು ಒಪ್ಪುವುದಿಲ್ಲ. ನಮ್ಮ ನೋಂದಣಿ ಕಚೇರಿಗಳು ಹಳೆಯ ಪತ್ರಗಳ ಪ್ರತಿ ಕೊಡುವಾಗ ಕನ್ನಡ-ಇಂಗ್ಲಿಷ್ ಎರಡರಲ್ಲೂ ಕೊಟ್ಟರೆ ವಯಸ್ಸಾದವರ ಅರ್ಧ ಅಲೆದಾಟ ತಪ್ಪುತ್ತದೆ. ತಮ್ಮ ಪತ್ರಿಕೆಯ ಮೂಲಕ ಅಧಿಕಾರಿಗಳಲ್ಲಿ ಈ ವಿನಂತಿ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರುವ ತಾಯಂದಿರು ನಮ್ಮಲ್ಲಿ ಬಹಳ. ಅಂಥವರು ಅರ್ಜಿಯಲ್ಲಿ ಪೂರ್ತಿ ಹೆಸರನ್ನು ಕುಟುಂಬದ ಹೆಸರಿನ ಜಾಗದಲ್ಲಿ ಬರೆದು, ಮೊದಲ ಹೆಸರಿನ ಜಾಗ ಖಾಲಿ ಬಿಡಬೇಕು. ಗಂಡನ ಹೆಸರನ್ನು ತಾವಾಗಿ ಅಲ್ಲಿ ತುಂಬಬಾರದು. ವೀಸಾ ಹೆಚ್ಚೆಂದರೆ 10 ವರ್ಷ, ಆದರೆ ಪಾಸ್‌ಪೋರ್ಟಿನ ಅವಧಿ ದಾಟುವುದಿಲ್ಲ. ಎರಡೋ ಮೂರೋ ವರ್ಷ ಉಳಿದಿದ್ದರೆ ಮೊದಲು ಪಾಸ್‌ಪೋರ್ಟ್ ನವೀಕರಿಸಿ.

ಅರ್ಜಿ ಆನ್‌ಲೈನ್‌ನಲ್ಲಿ, ಒಬ್ಬೊಬ್ಬರಿಗೆ ಒಂದೊಂದು. ತಲಾ 100 ಡಾಲರ್ ಶುಲ್ಕ, ಬೆರಳಚ್ಚು-ಫೋಟೊಗೆ 85. ಬೆರಳಚ್ಚು ಕೊಡುವ ಕೇಂದ್ರ ಬೆಂಗಳೂರಿನಲ್ಲಿದೆ. 79 ವರ್ಷ ದಾಟಿದವರಿಗೆ ಅದರಿಂದ ವಿನಾಯಿತಿ ಇದೆ. ವೈದ್ಯಕೀಯ ಪರೀಕ್ಷೆ ಕಡ್ಡಾಯ, ಅದನ್ನು ಕೆನಡಾ ಗುರುತಿಸಿದ ವೈದ್ಯರಲ್ಲೇ ಮಾಡಿಸಬೇಕು, ಮನೆ ಡಾಕ್ಟರ ಚೀಟಿ ನಡೆಯದು.

ನಿರಾಕರಣೆ ಬಂದರೆ ಸಾಮಾನ್ಯವಾಗಿ ಕಾಣುವುದು ವಲಸೆ ನಿಯಮಾವಳಿಯ 179(ಬಿ): ಅವಧಿ ಮುಗಿದ ಮೇಲೆ ಮರಳುತ್ತಾರೆಂಬ ನಂಬಿಕೆ ಅಧಿಕಾರಿಗೆ ಬಂದಿಲ್ಲ. ಪಿಂಚಣಿ ಆದೇಶ, ಪಹಣಿ, ಮನೆ ಖಾತಾ, ಊರಿನಲ್ಲಿರುವ ಇತರ ಮಕ್ಕಳ ವಿವರ ಮೊದಲ ಸಲವೇ ಇಡಬೇಕಾದದ್ದು ಇದಕ್ಕಾಗಿ. ಅದೇ ಕಾಗದಗಳನ್ನು ಮರುದಿನ ಮತ್ತೆ ಕಳಿಸಿದರೆ ಶುಲ್ಕ ಹೋಗುತ್ತದೆ ಅಷ್ಟೇ. ತಂದೆ-ತಾಯಿಯ ಒಪ್ಪಿಗೆ ಪತ್ರ ಪಡೆದು ಕೆನಡಾದಲ್ಲಿರುವ ಮಗಳು 5 ಡಾಲರ್ ಕಟ್ಟಿ ಮಾಹಿತಿ ಹಕ್ಕಿನಡಿ ಅಧಿಕಾರಿಯ ಟಿಪ್ಪಣಿ ತರಿಸಿ ಓದಲಿ. ಕೊರತೆ ಎಲ್ಲಿತ್ತೆಂದು ಅದರಲ್ಲಿ ತಿಳಿಯುತ್ತದೆ. ಬೆರಳಚ್ಚು 10 ವರ್ಷ ಸಲ್ಲುತ್ತದೆ, ಅದನ್ನು ಮತ್ತೆ ಕೊಡಬೇಕಿಲ್ಲ.

ವಿಮಾನ ಇಳಿದ ಮೇಲಿನ ಒಂದು ಮಾತು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದೆವೆಂದರೆ ‘ಕೆಲಸಕ್ಕೆ ಬಂದವರು’ ಎಂದಾರೆಂದು ಹಿರಿಯರು ಹೆದರಿ ಏನೇನೋ ಹೇಳುತ್ತಾರೆ. ಸಂಬಳವಿಲ್ಲದೆ ತಾಯಿ ಮಗಳಿಗೆ ಮಗು ನೋಡಿಕೊಳ್ಳಲು ನೆರವಾಗುವುದನ್ನು ಕೆನಡಾದ ಮಾರ್ಗಸೂಚಿ ಕೆಲಸವೆಂದು ಎಣಿಸುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಲಿ. ವಿಮೆಯ ಪ್ರತಿ ಮತ್ತು ಮಗಳ ಪತ್ರ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಅಲ್ಲ. ಸೂಪರ್ ವೀಸಾದಲ್ಲಿ ಬಂದಿದ್ದೇವೆ ಎಂದು ಅಧಿಕಾರಿಗೆ ಬಾಯಿಬಿಟ್ಟು ತಿಳಿಸಿ, ಎಂದಿನವರೆಗೆ ಇರಬಹುದೆಂಬ ದಿನಾಂಕವನ್ನು ಕೌಂಟರ್ ಬಿಡುವ ಮುನ್ನ ಕೇಳಿಕೊಳ್ಳಬೇಕು.

ಇಂತಿ,
ಒಬ್ಬ ಓದುಗ, ಮಿಸಿಸಾಗಾ