ಕೇಳಿಸದ ಕೆ: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡೋಣ ಅಂದುಕೊಂಡೆ. ಮಾಡಲಿಲ್ಲ. ಮಾತಿಗೆ ಕೂತರೆ ನಾನೇ ಜಾಸ್ತಿ ಮಾತಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆದರೂ ಜಾಸ್ತಿಯೇ ಆಗುತ್ತದೆ ಅಂತ ನೀನು ನಗುತ್ತೀಯ. ನಗು ಪರವಾಗಿಲ್ಲ.

ಜಗಳದ ಪೂರ್ತಿ ಕಥೆ ಬೇಡ. ಚಿಂಟು ಹೋಂವರ್ಕ್ ಮಾಡುತ್ತಾ, ಮೊಣಕಾಲಿನ ಇಂಗ್ಲಿಷ್ ಪದಕ್ಕೆ ಮುಂದೆ ಕೆ ಯಾಕೆ, ಅದು ಕೇಳಿಸೋದೇ ಇಲ್ವಲ್ಲ ಅಂದ. ನೀನು "ನಂಗೂ ಗೊತ್ತಿಲ್ಲ ಕಣೋ, ನೋಡೋಣ ಇರು" ಅಂದೆ. ನಾನು ಸುಮ್ನಿರಬೇಕಿತ್ತು. "ಅಮ್ಮ ಆದವಳು ಗೊತ್ತಿಲ್ಲ ಅಂತಾಳಾ? 50 ಸಲ ಬರೆಸು, ತಾನಾಗೇ ಬರುತ್ತೆ" ಅಂದುಬಿಟ್ಟೆ. ಆಮೇಲೆ ನೀನು ಹೇಳಿದ್ದು ಒಂದೇ ಮಾತು. "ಆ 50 ನನಗಿನ್ನೂ ನೆನಪಿದೆ ಅಮ್ಮ."

ನನಗೂ ನೆನಪಿದೆ. ನಿನಗಿಂತ ಜಾಸ್ತಿಯೇ ಇರಬಹುದು, ಯಾಕೆಂದರೆ ನೀನು ಬರೆದೆ, ನಾನು ಎಣಿಸಿದೆ.

ಆಗ ನಿನಗೆ 7 ವರ್ಷ. ಅವತ್ತಿನ ಪದ ನೈಫ್. ನೀನು ಕೆ ಬಿಟ್ಟು, ಎನ್‌ನಿಂದ ಶುರು ಮಾಡಿದ್ದೆ. ತಿದ್ದಿದೆ. "ಕೇಳಿಸದೇ ಇರೋ ಅಕ್ಷರ ಯಾಕಮ್ಮ ಬರೀಬೇಕು?" ಅಂದೆ. ಇಪ್ಪತ್ತು ಚಿಲ್ಲರೆ ವರ್ಷ ಆದಮೇಲೆ ನಿನ್ನ ಮಗ ಅದನ್ನೇ ಕೇಳಿದ ನೋಡು. ನನಗೆ ಉತ್ತರ ಗೊತ್ತಿರಲಿಲ್ಲ. "ಅದು ಸೈಲೆಂಟ್. ನೀನೂ ಸೈಲೆಂಟಾಗಿ 50 ಸಲ ಬರಿ" ಅಂದೆ. ಆ ಮಾತು ನನಗೇ ಜಾಣತನದ್ದು ಅನ್ನಿಸಿತ್ತು, ನಾಚಿಕೆಗೇಡು. 31ನೆಯದು ಬರೆಯುವಾಗ ನೀನು ಪೆನ್ಸಿಲ್ ಹಿಡಿದುಕೊಂಡೇ ಪುಸ್ತಕದ ಮೇಲೆ ನಿದ್ದೆ ಹೋದೆ. ಕೆನ್ನೆಗೆ ಪೆನ್ಸಿಲ್ ಮಸಿ ಅಂಟಿತ್ತು. ನಾನು ಎತ್ತಿ ಮಲಗಿಸಲಿಲ್ಲ. ಬಗ್ಗಿ ಸಾಲು ಎಣಿಸಿದೆ. ಭುಜ ಅಲುಗಾಡಿಸಿ "ಇನ್ನೂ 19 ಇದೆ" ಅಂದೆ.

ಯಾಕೆ ಹಾಗೆ ಮಾಡಿದೆ ಅನ್ನುವುದಕ್ಕೆ ಒಂದು ಕಾರಣ ಇದೆ. ನೆಪ ಅಂತ ಬೇಕಾದರೂ ಅಂದುಕೋ. ನಾನು ಕನ್ನಡದಲ್ಲಿ ಓದಿದವಳು. ಬರೆದದ್ದನ್ನೆಲ್ಲ ಓದಬೇಕು ಅಂತ ಕಲಿತವಳು. ಕಾಲೇಜಿನಲ್ಲಿ ಎದ್ದು ನಿಂತು ಪಾಠ ಓದುವಾಗ ಬಾಗಿಲು ತಟ್ಟುವ ಪದ ಬಂತು. "ಕ್ನಾಕ್" ಅಂತ ಗಟ್ಟಿಯಾಗಿ ಓದಿದೆ. ಇಡೀ ಕ್ಲಾಸು ನಕ್ಕಿತು. ಆಮೇಲೆ ಎಷ್ಟೋ ದಿನ ನಾನು ಒಳಗೆ ಬಂದ ಕೂಡಲೇ ಯಾರಾದರೂ ಡೆಸ್ಕ್ ತಟ್ಟುತ್ತಿದ್ದರು. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ, ಅಲ್ವಾ? ನಿನಗೆ ಯಾರೂ ಡೆಸ್ಕ್ ತಟ್ಟಬಾರದು ಅಂತಿತ್ತು. ಅದಕ್ಕೆ ನಾನೇ ನಿನ್ನ ಭುಜ ಅಲುಗಾಡಿಸಿದೆ.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕನ್ನಡಕ ಹಾಕಿಕೊಂಡು ಹುಡುಕುತ್ತಾ ಕೂತೆ. ಪುಟ್ಟಿ, ಆ ಕೆ ಹುಟ್ಟು ಮೂಗಿಯಲ್ಲ! ಹಳೆಯ ಇಂಗ್ಲಿಷಿನಲ್ಲಿ ಜನ ಅದನ್ನು ಬಾಯಿ ತುಂಬಾ ಹೇಳುತ್ತಿದ್ದರು. ಆಗ ಅಲ್ಲಿ ಸಿ ಬರೆಯುತ್ತಿದ್ದರು, ಕೆ ಆಮೇಲೆ ಬಂತು, ಸದ್ದು ಮಾತ್ರ ಕ್ ಅಂತಲೇ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚುಕೂಟ ಹಾಕಿದಾಗಲೂ ಅದಕ್ಕೆ ದನಿ ಇತ್ತು. 17ನೇ ಶತಮಾನದ ಹೊತ್ತಿಗೆ ನಾಲಿಗೆ ಅದನ್ನು ನುಂಗತೊಡಗಿತು. ಅಷ್ಟರಲ್ಲಿ ಪುಸ್ತಕಗಳಲ್ಲಿ ಸ್ಪೆಲ್ಲಿಂಗ್ ಗಟ್ಟಿಯಾಗಿ ಕೂತಾಗಿತ್ತು. ಬಾಯಿ ಬಿಟ್ಟುಕೊಟ್ಟಿತು, ಕಾಗದ ಬಿಡಲಿಲ್ಲ. ಜರ್ಮನ್ನರು ಮೊಣಕಾಲಿಗೆ ಇವತ್ತಿಗೂ ಕ್ನೀ ಅಂತಲೇ ಅನ್ನುತ್ತಾರೆ. ಅಂದರೆ ಕಾಲೇಜಿನಲ್ಲಿ ನಾನು ಓದಿದ್ದು ಅಂಥಾ ತಪ್ಪೇನಲ್ಲ. ಸುಮಾರು 400 ವರ್ಷ ತಡ, ಅಷ್ಟೇ.

ಆ ಗುಂಪಿನ ಪದಗಳೆಲ್ಲ ಎಷ್ಟು ಚಿಕ್ಕವು! ನೀ ಅಂದರೆ ಮೊಣಕಾಲು, ನಾಟ್ ಅಂದರೆ ಗಂಟು, ನಾಬ್ ಅಂದರೆ ಬಾಗಿಲಿನ ಗುಂಡು ಹಿಡಿ, ನಿಟ್ ಅಂದರೆ ಹೆಣೆಯುವುದು. ನಿಟ್ ಮೊದಲು ಗಂಟು ಹಾಕುವುದಕ್ಕೇ ಇದ್ದ ಪದ, ನಾಟ್‌ಗೂ ಅದಕ್ಕೂ ರಕ್ತಸಂಬಂಧ. ನೇವ್ ಮತ್ತು ನೈಟ್ (ರಾತ್ರಿಯದಲ್ಲ, ಕೆ ಇರುವ ನೈಟ್) ಕಥೆ ಚಿಂಟುಗೆ ಹಿಡಿಸುತ್ತದೆ. ಎರಡಕ್ಕೂ ಮೊದಲು ಹುಡುಗ ಅಂತಲೇ ಅರ್ಥ, ಆಮೇಲೆ ಕೆಲಸದ ಆಳು. ನೈಟ್ ಕುದುರೆ ಹತ್ತಿ ಶೂರನಾದ. ನೇವ್ ಪೋಕರಿಯಾದ. ಇಸ್ಪೀಟಿನಲ್ಲಿ ನಾವು ಗುಲಾಮ ಅನ್ನುವ ಎಲೆಗೆ ಇಂಗ್ಲಿಷಿನ ಹಳೆಯ ಹೆಸರು ನೇವ್.

ಕನ್ನಡದಲ್ಲಿ ಬರೆಯುವಾಗ ಮಾತ್ರ ಆ ಕೆ ಎಲ್ಲೂ ಉಳಿಯುವುದಿಲ್ಲ, ಗಮನಿಸಿದೆಯಾ? ನಮ್ಮ ಲಿಪಿ ಕಿವಿಗೆ ಬಿದ್ದದ್ದನ್ನೇ ಬರೆಯುತ್ತದೆ. 'ನೀ ನೋಯ್ತಿದೆ' ಅಂತ ಬರೆದರೆ ಓದಿದವರು ಏನಂದುಕೊಳ್ಳಬೇಕು! ತಿಳಿಯುವುದಕ್ಕೂ ನೋ, ಇಲ್ಲ ಅನ್ನುವುದಕ್ಕೂ ನೋ. ನಾವೂ ಸಾಚಾ ಅಲ್ಲ ಬಿಡು. ಜ್ಞಾನ ಅಂತ ಬರೆದು ಗ್ನಾನ ಅನ್ನುತ್ತೇವೆ, ಗ್ಯಾನ ಅನ್ನುತ್ತೇವೆ. ನನ್ನ ನಿದ್ದೆ ಪೂರ್ತಿ ಕೆಡಿಸಿದ್ದು ಇದು: ತಿಳಿಯುವ ನೋ ಮತ್ತು ಸಂಸ್ಕೃತದ ಜ್ಞಾನ ಒಂದೇ ಬೇರಿನವು. ಆ ಕೇಳಿಸದ ಕೆ ನಮ್ಮ ಜ್ಞಾನದ ಜ್‌ಗೆ ದಾಯಾದಿ. ಮೊಣಕಾಲಿನ ನೀ ಕೂಡ ಹಾಗೇ, ಆಜಾನುಬಾಹು ಅನ್ನುತ್ತೇವಲ್ಲ, ಅದರೊಳಗಿನ ಜಾನುವಿಗೆ ನೆಂಟ. ಇಷ್ಟೆಲ್ಲ ಇತ್ತು ನಿನ್ನ ಪ್ರಶ್ನೆಯ ಹಿಂದೆ. ನಾನು ಸೈಲೆಂಟ್ ಅಂದುಬಿಟ್ಟೆ.

ಚಿಂಟುಗೆ ಬರೆಸಬೇಡ. ಮನೆಯಲ್ಲಿ ಕೆ ಸೇರಿಸಿಯೇ ಜೋರಾಗಿ ಕೂಗಲಿ, ಕ್ನೀ, ಕ್ನಾಟ್, ಕ್ನೈಫ್ ಅಂತ. ಹೊರಗೆ ನುಂಗಲಿ. ಬರೆಯುವಾಗ ತಾನಾಗೇ ನೆನಪಾಗುತ್ತದೆ. ದಿನಕ್ಕೆ 2 ಪದ ಸಾಕು. ಮಲಗುವ ಹೊತ್ತಿಗೆ ಪುಸ್ತಕ ಬೇಡ. ತಪ್ಪಾದರೆ ಎದುರಿಗೆ ನಿಂತು ನೋಡುತ್ತಾ ಇರಬೇಡ, ಮಕ್ಕಳಿಗೆ ಕೈ ನಡುಗುತ್ತದೆ. ಕೆಂಪು ಪೆನ್ನು ಬೇಡ. ಕೂರುವಾಗ ಬೆನ್ನು ನೆಟ್ಟಗಿರಲಿ, ಬೆಳಕು ಎಡಗಡೆಯಿಂದ ಬರಲಿ... ನೋಡು, ಶುರುವಾಯಿತು. ಹೊಡೆದು ಹಾಕೋಣ ಅಂದುಕೊಂಡೆ, ಇರಲಿ ಬಿಡು. ಬೆಳಕಿನದು ಮಾತ್ರ ನಿಜಕ್ಕೂ ನೋಡಿಕೋ. ಅವನು ಪುಸ್ತಕಕ್ಕೆ ತೀರಾ ಮೂಗು ತಾಗಿಸಿ ಬರೆಯುತ್ತಾನೆ. ಕಣ್ಣು ಒಮ್ಮೆ ತೋರಿಸು.

"ನಂಗೂ ಗೊತ್ತಿಲ್ಲ ಕಣೋ" ಅಂತ ನೀನು ಎಷ್ಟು ಸಲೀಸಾಗಿ ಅಂದೆ. ಅವನಿಗೆ ಬೇಸರವೇ ಆಗಲಿಲ್ಲ. "ಹೌದಾ?" ಅಂತ ಖುಷಿಯಲ್ಲಿ ಕೇಳಿದ್ದು ನನಗೆ ಫೋನಿನಲ್ಲಿ ಕೇಳಿಸಿತು. ನಿನ್ನೆ ಸಿಟ್ಟು ಬಂದದ್ದು ಅದಕ್ಕೇ ಅನ್ನಿಸುತ್ತದೆ. ನಿನ್ನ ಮೇಲಲ್ಲ.

ಒಂದು ವಿಷಯ ಕೇಳಬೇಕು. ಆ 31 ಕಣ್ಣಿಗೆ ಕಟ್ಟಿದ ಹಾಗಿದೆ, ಮಸಿ ಕೆನ್ನೆಯೂ ಹಾಗೇ. ಎಬ್ಬಿಸಿದ್ದೂ ನೆನಪಿದೆ. ಅದರ ಮುಂದೆ ಇಲ್ಲ. ಉಳಿದ 19 ನೀನೇ ಎದ್ದು ಬರೆದೆಯಾ? ನಾನು ನಿನ್ನ ಕೈ ಹಿಡಿದು ಬರೆಸಿದೆನಾ? ಅಥವಾ ಪಾಪ ಅನ್ನಿಸಿ ಬಿಟ್ಟೆನಾ? ಬಿಟ್ಟೆ ಅಂತ ನಂಬೋಣ ಅನ್ನಿಸುತ್ತದೆ, ಆದರೆ ನನ್ನ ಮಾತನ್ನು ನಾನೇ ನಂಬುವುದಿಲ್ಲ. ನಿನಗೆ ಗೊತ್ತಿದ್ದರೆ ಹೇಳು. ಬೈಯುತ್ತಲಾದರೂ ಹೇಳು.

ನಿನ್ನ
ಅಮ್ಮ