ರಿಮೋಟ್ ಪರದೆ ನಿಂತರೆ ಮೋಟಾರನ್ನೇ ಬದಲಿಸಬೇಕೇ?

ಮಾನ್ಯ ಸಂಪಾದಕರಿಗೆ,

ಬೆಂಗಳೂರು, ಮೈಸೂರು, ಮಂಗಳೂರುಗಳ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಮೋಟಾರ್ ಅಳವಡಿಸಿದ ಕಿಟಕಿ ಪರದೆಗಳು, ಅಂದರೆ ರಿಮೋಟ್ ಒತ್ತಿದರೆ ತಾವೇ ಸುತ್ತಿಕೊಳ್ಳುವ ರೋಲರ್ ಬ್ಲೈಂಡ್, ಜೀಬ್ರಾ ಬ್ಲೈಂಡ್‌ಗಳು, ಈಗ ಅಪರೂಪದ ವಸ್ತುಗಳಾಗಿ ಉಳಿದಿಲ್ಲ. ವಯಸ್ಸಾದ ತಂದೆತಾಯಿ ಸ್ಟೂಲ್ ಹತ್ತಿ ಕೈಚಾಚುವ ಕಷ್ಟ ಬೇಡವೆಂದು ದೂರದೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ಇವನ್ನು ಹಾಕಿಸಿಕೊಡುವುದೂ ಇದೆ. ಅದೇ ಪರದೆ ಅರ್ಧದಲ್ಲಿ ನಿಂತುಬಿಟ್ಟಾಗ ಆ ಹಿರಿಯರಿಗೆ ಯಾರನ್ನು ಕೇಳಬೇಕೆಂದು ತೋಚುವುದಿಲ್ಲ. ಸರ್ವಿಸ್‌ಗೆ ಬಂದವರು ಎರಡು ಸಲ ರಿಮೋಟ್ ಒತ್ತಿ ನೋಡಿ, ಮೋಟಾರ್ ಸುಟ್ಟಿದೆ, ಹೊಸದನ್ನೇ ಹಾಕಬೇಕು ಎಂದು ಹೇಳಿಬಿಡುತ್ತಾರೆ. ಪಾಲಿಟೆಕ್ನಿಕ್ಕಿನ ವಿದ್ಯುತ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ನೆರೆಹೊರೆಯವರ ಕೋರಿಕೆಯ ಮೇರೆಗೆ ಇಂಥ ಪರದೆಗಳನ್ನು ಬಿಚ್ಚಿ ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವುಗಳ ಮೋಟಾರ್ ಕೆಟ್ಟಿರಲಿಲ್ಲ. ಅದು ತನ್ನ ಲಿಮಿಟ್ಟನ್ನೋ (ಪರದೆ ಎಲ್ಲಿ ನಿಲ್ಲಬೇಕೆಂಬ ಮಿತಿಯನ್ನೋ) ರಿಮೋಟಿನ ಗುರುತನ್ನೋ ಕಳೆದುಕೊಂಡಿತ್ತು, ಇಲ್ಲವೇ ಬಿಸಿಯಾಗಿ ತಾನಾಗಿಯೇ ನಿಂತಿತ್ತು. ಪರದೆ ಮಾರುವವರು ಮೋಟಾರನ್ನು ರೀಸೆಟ್ ಮಾಡುವ, ಅಂದರೆ ಹಳೆಯ ನೆನಪನ್ನು ಅಳಿಸಿ ಮತ್ತೆ ಹೊಂದಿಸುವ, ಕ್ರಮವನ್ನು ಕನ್ನಡದಲ್ಲಿ ಬರೆದು ಮನೆಯವರ ಕೈಗೆ ಕೊಡಲೇಬೇಕು ಎಂಬ ಒತ್ತಾಯವನ್ನು ತಮ್ಮ ಪತ್ರಿಕೆಯ ಮೂಲಕ ಮುಂದಿಡುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಪರದೆ ಸುತ್ತಿಕೊಳ್ಳುವ ಅಲ್ಯೂಮಿನಿಯಂ ಕೊಳವೆಯ ಒಳಗೇ ಉದ್ದನೆಯ ಮೋಟಾರ್ ಕುಳಿತಿರುತ್ತದೆ. ಕೆಲವು ಮನೆಯ 230 ವೋಲ್ಟ್ ವಿದ್ಯುತ್ತಿನಿಂದ ನಡೆಯುತ್ತವೆ, ಉಳಿದವು ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿಯಿಂದ. ಪರದೆ ಎಲ್ಲಿಯವರೆಗೆ ಏರಬೇಕು, ಎಲ್ಲಿಯವರೆಗೆ ಇಳಿಯಬೇಕು ಎಂಬ ಎರಡು ಮಿತಿಗಳನ್ನು ಹಳೆಯ ಮಾದರಿಗಳಲ್ಲಿ ಮೋಟಾರಿನ ತಲೆಯಲ್ಲಿರುವ ಎರಡು ಸ್ಕ್ರೂಗಳಿಂದ ಗೊತ್ತುಮಾಡುತ್ತಾರೆ. ಹೊಸ ಮಾದರಿಗಳಲ್ಲಿ ರಿಮೋಟಿನಿಂದಲೇ ಅದರ ನೆನಪಿಗೆ ತುಂಬುತ್ತಾರೆ. ಕೆಟ್ಟಿರುವುದು ಏನು ಎಂಬುದನ್ನು ಕೊಳವೆ ಬಿಚ್ಚುವ ಮೊದಲು ಕಿವಿಯಿಂದಲೇ ಬಹುಮಟ್ಟಿಗೆ ತಿಳಿಯಬಹುದು. ಗುಂಡಿ ಒತ್ತಿದಾಗ ಯಾವ ಸದ್ದೂ ಇಲ್ಲದಿದ್ದರೆ ಕರೆಂಟ್ ಬರುತ್ತಿಲ್ಲ ಅಥವಾ ರಿಮೋಟಿನ ಮಾತು ಮೋಟಾರನ್ನು ತಲುಪುತ್ತಿಲ್ಲ. ಟಕ್ ಎಂದು ಬ್ರೇಕ್ ಬಿಟ್ಟ ಸದ್ದಾಗಿ, ಗುಂಯ್ ಎನ್ನುತ್ತಾ ತಿರುಗದೆ ನಿಂತರೆ, ಮನೆಯ ಕರೆಂಟಿನ ಮೋಟಾರು ತಿರುಗಲು ನೆರವಾಗುವ ಕೆಪಾಸಿಟರ್ ಎಂಬ ಭಾಗ ದುರ್ಬಲವಾಗಿರುವ ಸಂಭವ ಹೆಚ್ಚು. ಬಲ್ಲ ಕೆಲಸಗಾರರು ಮೋಟಾರನ್ನು ಉಳಿಸಿಕೊಂಡು ಅದೊಂದನ್ನೇ ಬದಲಿಸಬಲ್ಲರು. ಮೋಟಾರ್ ತಿರುಗುವ ಸದ್ದು ಸ್ಪಷ್ಟವಾಗಿ ಕೇಳಿದರೂ ಬಟ್ಟೆ ಅಲುಗದಿದ್ದರೆ ಕೊಳವೆಯನ್ನು ಹಿಡಿದುಕೊಳ್ಳುವ ಪ್ಲಾಸ್ಟಿಕ್ ಚಕ್ರ ಜಾರಿರುವ ಸಂಭವ ಹೆಚ್ಚು. ಒಂದು ದಿಕ್ಕಿನಲ್ಲಿ ಮಾತ್ರ ಓಡಿದರೆ ಅನುಮಾನಿಸಬೇಕಾದುದು ಲಿಮಿಟ್ಟನ್ನು.

ಬಿಸಿಯಾಗಿ ನಿಲ್ಲುವ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಣ ಅತಿ ಹೆಚ್ಚು ವ್ಯರ್ಥವಾಗುವುದು ಇಲ್ಲಿ. ಮನೆಯ ಕರೆಂಟಿನಿಂದ ನಡೆಯುವ ಈ ಮೋಟಾರುಗಳು ಸಾಮಾನ್ಯವಾಗಿ ಎಡೆಬಿಡದೆ ಸುಮಾರು 4 ನಿಮಿಷ ಮಾತ್ರ ಓಡುವುದಕ್ಕೆ ತಯಾರಾದವು. ಅದನ್ನು ಮೀರಿದರೆ ಒಳಗಿನ ಶಾಖರಕ್ಷಕ ಸ್ವಿಚ್ ವಿದ್ಯುತ್ತನ್ನು ಕಡಿದುಹಾಕುತ್ತದೆ. ಮೋಟಾರ್ ತಣಿಯುವವರೆಗೆ ಏನು ಒತ್ತಿದರೂ ಅದು ಮಿಸುಕುವುದಿಲ್ಲ. ಲಿಮಿಟ್ ಹೊಂದಿಸಲು ಬಂದ ಕೆಲಸಗಾರರು ಪರದೆಯನ್ನು ಒಂದೇ ಸಮನೆ ಮೇಲೆ ಕೆಳಗೆ ಓಡಿಸುತ್ತಾರೆ, ಮೋಟಾರ್ ಬಿಸಿಯಾಗಿ ನಿಲ್ಲುತ್ತದೆ, ನಿಂತದ್ದನ್ನೇ ಸತ್ತಿದೆ ಎಂದು ತೀರ್ಮಾನಿಸುತ್ತಾರೆ. ಅರ್ಧ ಗಂಟೆ ಕಾಯುವ ತಾಳ್ಮೆ ಇದ್ದಿದ್ದರೆ ಅದೇ ಮೋಟಾರ್ ಎಂದಿನಂತೆ ತಿರುಗುತ್ತಿತ್ತು. ಇದರ ಜೊತೆಗೆ ನಮ್ಮ ಬಡಾವಣೆಗಳ ವೋಲ್ಟೇಜ್ ಕುಸಿತವನ್ನೂ ಗಮನಿಸಬೇಕು. ಇಂಥ ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಗುಣಲಬ್ಧಕ್ಕೆ) ಅನುಗುಣವಾಗಿ ಇಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ಬಲವು ಸುಮಾರು 60%ಕ್ಕೆ ಇಳಿದಿರುತ್ತದೆ. ಸಂಜೆಯ ಹೊತ್ತು ಪರದೆ ಮೇಲೇರಲು ತಿಣುಕಿ, ಬೆಳಿಗ್ಗೆ ಸಲೀಸಾಗಿ ಏರಿದರೆ ಮೀಟರಿನಿಂದ ವೋಲ್ಟೇಜ್ ಅಳೆಯಿಸದೆ ಮೋಟಾರನ್ನು ದೂರುವುದು ನ್ಯಾಯವಲ್ಲ.

ರಿಮೋಟಿನ ವಿಷಯ ಇದಕ್ಕಿಂತ ಸರಳ. ಹಲವು ಕಿಟಕಿಗಳಿಗೆ ಒಂದೇ ರಿಮೋಟ್ ಕೊಟ್ಟಿದ್ದರೆ ಅದರಲ್ಲಿ ಚಾನೆಲ್‌ಗಳಿರುತ್ತವೆ. ಕೈತಪ್ಪಿ ಚಾನೆಲ್ ಬದಲಾಗಿದ್ದರೆ ಎದುರಿನ ಪರದೆ ಸುಮ್ಮನಿರುತ್ತದೆ, ಮಲಗುವ ಕೋಣೆಯ ಪರದೆ ಓಡುತ್ತಿರುತ್ತದೆ. ಸೆಲ್ ದುರ್ಬಲವಾಗಿದ್ದರೆ ಹತ್ತಿರದಿಂದ ಒತ್ತಿದಾಗ ಮಾತ್ರ ಕೆಲಸ ಮಾಡುತ್ತದೆ. ಸೆಲ್ ಬದಲಿಸಿದರೆ ಜೋಡಣೆ ಅಳಿಸಿಹೋಗುತ್ತದೆ ಎಂಬ ಭಯ ಹಲವರಲ್ಲಿದೆ, ಸಾಮಾನ್ಯವಾಗಿ ಹಾಗಾಗುವುದಿಲ್ಲ. ಆದರೆ ತೆಗೆದ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಇಂಥ ರಿಮೋಟುಗಳಲ್ಲಿ ಎಷ್ಟೋ ಸಲ ಇರುವುದು ನಾಣ್ಯದಾಕಾರದ ಸೆಲ್. ಪುಟ್ಟ ಮಕ್ಕಳು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳೊಳಗೆ ತೀವ್ರವಾದ ಸುಟ್ಟಗಾಯವಾಗಬಹುದು. ಅಂಥ ಅನುಮಾನ ಬಂದರೆ ಕೂಡಲೇ ಆಸ್ಪತ್ರೆಗೆ ಓಡಬೇಕು.

ಗೋಡೆಯ ಸ್ವಿಚ್ಚಿನಿಂದ ನಡೆಯುವ, ಸ್ಕ್ರೂ ಲಿಮಿಟ್ಟಿನ ಮೋಟಾರುಗಳಲ್ಲಿ ಎಲೆಕ್ಟ್ರಿಷಿಯನ್ನರು ಮಾಡುವ ಒಂದು ತಪ್ಪನ್ನು ನಾನು ಪದೇ ಪದೇ ಕಂಡಿದ್ದೇನೆ. ಅಕ್ಕಪಕ್ಕದ ಎರಡು ಕಿಟಕಿಗಳ ಮೋಟಾರುಗಳ ತಂತಿಗಳನ್ನು ಒಟ್ಟಿಗೆ ಹೆಣೆದು ಒಂದೇ ಸ್ವಿಚ್ಚಿಗೆ ಕೊಟ್ಟುಬಿಡುತ್ತಾರೆ. ಒಂದು ಪರದೆ ಮೊದಲು ತನ್ನ ಮಿತಿಯನ್ನು ಮುಟ್ಟಿದಾಗ, ಇನ್ನೂ ಓಡುತ್ತಿರುವ ಇನ್ನೊಂದು ಮೋಟಾರಿನ ಕೆಪಾಸಿಟರಿನ ಮೂಲಕ ಹಿಮ್ಮುಖವಾಗಿ ಬರುವ ವಿದ್ಯುತ್ತು ನಿಂತ ಮೋಟಾರನ್ನು ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ಪರದೆ ಮೇಲೆ ಕೆಳಗೆ ನಡುಗುವುದು, ಲಿಮಿಟ್ ಸ್ವಿಚ್ ಮತ್ತು ಕೆಪಾಸಿಟರ್ ಹಾಳಾಗುವುದು ಇದರಿಂದ. ನಡುವೆ ಎರಡನ್ನೂ ಬೇರ್ಪಡಿಸುವ ರಿಲೇ ಎಂಬ ಸ್ವಿಚ್ ಸಾಧನ ಹಾಕುವುದು ಅಥವಾ ಒಂದೊಂದಕ್ಕೆ ಒಂದೊಂದು ಸ್ವಿಚ್ ಕೊಡುವುದೇ ಇದಕ್ಕೆ ಪರಿಹಾರ. ವೈರಿಂಗ್ ಸರಿಪಡಿಸದೆ ಮೋಟಾರ್ ಬದಲಿಸಿದರೆ ಹೊಸ ಮೋಟಾರಿಗೂ ಅದೇ ಗತಿ.

ಇನ್ನು ರೀಸೆಟ್. ಬಹಳಷ್ಟು ಮೋಟಾರುಗಳ ತಲೆಯ ಬಳಿ ಪುಟ್ಟದೊಂದು ಗುಂಡಿ ಇರುತ್ತದೆ. ಅದನ್ನು ಸ್ವಲ್ಪ ಹೊತ್ತು ಒತ್ತಿದರೆ ಪರದೆ ಒಮ್ಮೆ ಚಿಕ್ಕದಾಗಿ ಅಲುಗಿ, ರಿಮೋಟನ್ನು ಜೋಡಿಸಿಕೊಳ್ಳಲು ಸಿದ್ಧ ಎಂದು ತಿಳಿಸುತ್ತದೆ. ಇನ್ನೂ ದೀರ್ಘವಾಗಿ ಒತ್ತಿದರೆ ಹಲವು ಸಲ ಅಲುಗಿ ಎಲ್ಲ ನೆನಪನ್ನೂ ಅಳಿಸಿಬಿಡುತ್ತದೆ. ಎಷ್ಟು ಸೆಕೆಂಡು ಒತ್ತಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಊಹೆಯ ಮೇಲೆ ಒತ್ತಬಾರದು. ಕೆಲವು ಮೋಟಾರುಗಳಲ್ಲಿ ಗುಂಡಿಯೇ ಇರುವುದಿಲ್ಲ. ಉದಾಹರಣೆಗೆ ಫ್ರಾನ್ಸಿನ ಸೋಮ್ಫಿ ಕಂಪನಿಯ ಆರ್‌ಟಿಎಸ್ ರೇಡಿಯೋ ಮೋಟಾರುಗಳಲ್ಲಿ ವಿದ್ಯುತ್ತನ್ನು 2 ಸೆಕೆಂಡು ಆರಿಸಿ, ಸುಮಾರು 10 ಸೆಕೆಂಡು ಹಾಕಿ, ಮತ್ತೆ 2 ಸೆಕೆಂಡು ಆರಿಸಿ ಹಾಕಿದರೆ ಮೋಟಾರ್ ಸ್ವಲ್ಪ ಚಲಿಸಿ, ರಿಮೋಟಿನ ಹಿಂಬದಿಯ ಪ್ರೋಗ್ರಾಂ ಗುಂಡಿಯ ದೀರ್ಘ ಒತ್ತಿಗೆ ಕಾಯುತ್ತದೆ. ಮನೆಯ ಎಲ್ಲ ಪರದೆಗಳೂ ಒಂದೇ ಎಂಸಿಬಿಯ (ಫ್ಯೂಸಿನ ಬದಲು ಬಳಸುವ ಸ್ವಿಚ್ಚಿನ) ಮೇಲಿದ್ದರೆ ಈ ಕ್ರಮದಿಂದ ಎಲ್ಲವೂ ಒಟ್ಟಿಗೆ ಆ ಸ್ಥಿತಿಗೆ ಹೋಗುತ್ತವೆ. ಒಂದನ್ನು ಸರಿಪಡಿಸಹೊರಟು ಎಲ್ಲವುಗಳ ಗುರುತೂ ಅಳಿದುಹೋಗುತ್ತದೆ. ಆದ್ದರಿಂದ ರಿಪೇರಿಯಾಗಬೇಕಾದ ಒಂದನ್ನು ಬಿಟ್ಟು ಉಳಿದವುಗಳ ಸಂಪರ್ಕವನ್ನು, ಮುಖ್ಯ ವಿದ್ಯುತ್ತನ್ನು ಆರಿಸಿದ ನಂತರ, ಎಲೆಕ್ಟ್ರಿಷಿಯನ್ನರಿಂದ ಮೊದಲೇ ತೆಗೆಸಿಡಬೇಕು.

ರೀಸೆಟ್ ಆದ ಮೇಲಿನ ಮೊದಲ ಓಟವೇ ಅತ್ಯಂತ ಅಪಾಯದ ಗಳಿಗೆ. ಮಿತಿಗಳನ್ನು ಮರೆತ ಮೋಟಾರ್ ಕೆಳಪಟ್ಟಿಯನ್ನೂ ಪೆಟ್ಟಿಗೆಯೊಳಕ್ಕೆ ಎಳೆದು ಬಟ್ಟೆಯನ್ನು ಹರಿದುಹಾಕಬಲ್ಲದು. ಹೆಬ್ಬೆರಳು ನಿಲ್ಲಿಸುವ ಗುಂಡಿಯ ಮೇಲೆಯೇ ಇರಬೇಕು, ಕಣ್ಣು ಪರದೆಯ ಮೇಲಿರಬೇಕು. ಮೊದಲು ದಿಕ್ಕನ್ನು ನೋಡಿಕೊಳ್ಳಬೇಕು: ಮೇಲಿನ ಗುಂಡಿಗೆ ಪರದೆ ಕೆಳಗಿಳಿದರೆ ದಿಕ್ಕನ್ನು ತಿರುಗಿಸಿದ ನಂತರವೇ ಲಿಮಿಟ್ಟಿಗೆ ಕೈಹಾಕಬೇಕು, ಏಕೆಂದರೆ ದಿಕ್ಕು ಬದಲಿಸಿದಾಗ ಹಲವು ಮಾದರಿಗಳಲ್ಲಿ ಲಿಮಿಟ್ ಅಳಿದುಹೋಗುತ್ತದೆ. ಮೇಲಿನ ಮಿತಿಯನ್ನು ಪೆಟ್ಟಿಗೆಗಿಂತ ಒಂದು ಬೆರಳಿನಷ್ಟು ಕೆಳಗೆ ಗೊತ್ತುಮಾಡಿ, ಕೆಳಗಿನದನ್ನು ಗೊತ್ತುಮಾಡಿ, ಎರಡನ್ನೂ ಉಳಿಸಿದ ಮೇಲೆ ಬೇರೆ ರಿಮೋಟುಗಳನ್ನು ಸೇರಿಸಬಹುದು. ಪರದೆ ನಿಂತಿದೆಯೆಂದು ಬಟ್ಟೆಯನ್ನು ಹಿಡಿದು ಜಗ್ಗುವುದಂತೂ ಕೂಡದು. ಅಡ್ಡಲಾಗಿ ಸರಿಯುವ ಕೆಲವು ಕರ್ಟನ್ ಮೋಟಾರುಗಳು ಕೈಯಿಂದ ಎಳೆದರೆ ತಾವೇ ಓಡತೊಡಗುತ್ತವೆ, ನಿಜ. ಸುತ್ತಿಕೊಳ್ಳುವ ಬ್ಲೈಂಡ್‌ಗಳಿಗೆ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ, ಜಗ್ಗಿದರೆ ಒಳಗಿನ ಗೇರ್ ಹಲ್ಲುಗಳು ಮುರಿಯಬಹುದು.

ಮೊಬೈಲ್ ಆ್ಯಪ್‌ನಿಂದ ಮಾತ್ರ ಪರದೆ ಓಡದೆ, ರಿಮೋಟಿನಿಂದ ಓಡುತ್ತಿದ್ದರೆ ಮೋಟಾರ್ ಚೆನ್ನಾಗಿದೆ ಎಂದು ತಿಳಿಯಬಹುದು. ಇಂಥ ಬಹಳಷ್ಟು ಸಾಧನಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಬಲ್ಲವು. ಹೊಸ ರೂಟರ್ ಬಂದ ದಿನದಿಂದ ತೊಂದರೆ ಶುರುವಾಗಿದ್ದರೆ ಅಲ್ಲಿಯೇ ಹುಡುಕಬೇಕು.

ಇಷ್ಟನ್ನು ತಿಳಿಯಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಆದರೂ ಮನೆಯವರಿಗೆ ಇದು ತಿಳಿಯದೆ ಹೋಗುವುದಕ್ಕೆ ಕಾರಣ, ಮೋಟಾರಿನ ಡಬ್ಬಿಯಲ್ಲಿ ಬಂದ ಕೈಪಿಡಿ ಅಳವಡಿಸುವವರ ಕೈಚೀಲದಲ್ಲೇ ಹೊರಟುಹೋಗುವುದು; ಉಳಿದರೂ ಅದು ಇರುವುದು ಸಣ್ಣಕ್ಷರದ ಇಂಗ್ಲಿಷಿನಲ್ಲಿ ಅಥವಾ ಚೀನೀ ಭಾಷೆಯಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಗ್ರಾಹಕರಿಗೆ ತಿಳಿಸಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದನ್ನು ಸೇವಾ ನ್ಯೂನತೆಯಲ್ಲಿ ಸೇರಿಸಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯನ್ನು ರಚಿಸಿ, ಕೈಪಿಡಿಗಳೂ ಬಿಡಿಭಾಗಗಳ ವಿವರವೂ ಜನರಿಗೆ ಸಿಗಲೆಂದು ಪೋರ್ಟಲ್ ಒಂದನ್ನು ತೆರೆಯಿತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ಕರ್ನಾಟಕದಲ್ಲಿ ತಯಾರಾಗುವ ಗ್ರಾಹಕ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿರಬೇಕು ಎನ್ನುತ್ತದೆ. ಹೊರಗಿನಿಂದ ಬರುವ ಮೋಟಾರುಗಳಿಗೆ ಇದು ತಗಲುವುದಿಲ್ಲ. 2011ರ ಪೊಟ್ಟಣ ಸಾಮಗ್ರಿಗಳ ಕಾನೂನು ಮಾಪನ ನಿಯಮಗಳು ಪೊಟ್ಟಣದ ಮೇಲಿನ ಘೋಷಣೆಗಳಿಗೆ ಹಿಂದಿ ಅಥವಾ ಇಂಗ್ಲಿಷನ್ನು ಕಡ್ಡಾಯ ಮಾಡಿ, ಬೇರೆ ಭಾಷೆಯನ್ನು ಜೊತೆಗೆ ಬಳಸಲು ಅಡ್ಡಿಯಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಅಡ್ಡಿಯಿಲ್ಲ ಎಂದ ಮೇಲೆ ಇಲ್ಲಿಯೇ ಅಳತೆ ತೆಗೆದು, ಇಲ್ಲಿಯೇ ಬಟ್ಟೆ ಕತ್ತರಿಸಿ, ಇಲ್ಲಿಯೇ ಅಳವಡಿಸಿ ಹಣ ಪಡೆಯುವ ಅಂಗಡಿಗಳು ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡುವುದಕ್ಕೆ ಏನು ತೊಡಕು?

ಆ ಹಾಳೆಯಲ್ಲಿ ಮೋಟಾರಿನ ಕಂಪನಿ ಮತ್ತು ಮಾದರಿ, ಅದು ಕರೆಂಟಿನದೋ ಬ್ಯಾಟರಿಯದೋ ಎಂಬುದು, ರಿಮೋಟಿನ ಸೆಲ್ಲಿನ ಸಂಖ್ಯೆ, ಯಾವ ಚಾನೆಲ್ ಯಾವ ಕಿಟಕಿಗೆ, ಯಾವ ಎಂಸಿಬಿ, ರೀಸೆಟ್ ಗುಂಡಿ ಇರುವ ಜಾಗ ಮತ್ತು ಒತ್ತುವ ಕ್ರಮ ಇಷ್ಟಿದ್ದರೆ ಸಾಕು. ಬರೆದುಕೊಡಲು ಅಂಗಡಿಯವರು ಒಪ್ಪದಿದ್ದರೆ ಕೊನೆಯ ಕಂತಿನ ಹಣ ಕೊಡುವ ಮೊದಲೇ ಗ್ರಾಹಕರು ಅದನ್ನು ಕೇಳಿ ಪಡೆಯಬೇಕು. ಕೊಂಡ ಮೇಲೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಮೋಟಾರ್ ಬದಲಿಸಲೇಬೇಕು ಎಂದು ಹೇಳುವವರನ್ನು, ಅದು ತಣಿದ ಮೇಲೆ ಪರೀಕ್ಷಿಸಿದಿರಾ, ವೋಲ್ಟೇಜ್ ಎಷ್ಟಿತ್ತು, ಕೆಪಾಸಿಟರ್ ನೋಡಿದಿರಾ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು.

ಒಳಾಂಗಣ ವಿನ್ಯಾಸ ಮಾಡುವವರಲ್ಲೂ ಒಂದು ಮನವಿಯಿದೆ. ಪರದೆಯ ಪೆಟ್ಟಿಗೆಯನ್ನು ಫಾಲ್ಸ್ ಸೀಲಿಂಗಿನೊಳಗೆ ಅಡಗಿಸಿ ಸುತ್ತಲೂ ಪ್ಲಾಸ್ಟರ್ ಮುಚ್ಚಿಬಿಟ್ಟರೆ ಆ ಪುಟ್ಟ ರೀಸೆಟ್ ಗುಂಡಿಯನ್ನು ಮುಟ್ಟಲು ಸೀಲಿಂಗನ್ನೇ ಒಡೆಯಬೇಕಾಗುತ್ತದೆ. ಮೋಟಾರಿನ ತಲೆ ಇರುವ ಬದಿಯಲ್ಲಿ ಕೈ ತೂರುವಷ್ಟು ಅಗಲದ, ತೆಗೆದು ಹಾಕಬಹುದಾದ ಮುಚ್ಚಳವನ್ನು ನಕ್ಷೆಯಲ್ಲೇ ತೋರಿಸಿ ಇಡಿಸಬೇಕು. ಮನೆ ಒಪ್ಪಿಸಿಕೊಳ್ಳುವಾಗ ಮಾಲೀಕರು ಅದನ್ನು ತೆರೆಸಿ ನೋಡಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ
ಬೆಂಗಳೂರು